ಅರ್ಧ ಮಿಲಿಮೀಟರ್ ಸಡಿಲಿಕೆ: ಪೆಡಲ್ ಸ್ಟೀಲ್ ಗಿಟಾರಿನ ಇಳಿಸುವ ಲಿವರ್‌ಗಳು

ತಂತಿಗಳ ಮೇಲೆ ಉಕ್ಕಿನ ಬಾರ್ ಜಾರಿಸುತ್ತ, ಪಾದದ ಪೆಡಲ್ ಮತ್ತು ಮಂಡಿಯ ಲಿವರ್‌ಗಳಿಂದ ಶ್ರುತಿ ಬದಲಿಸಿ ನುಡಿಸುವ ಪೆಡಲ್ ಸ್ಟೀಲ್ ಗಿಟಾರ್ ಎಂದೊಡನೆ ನೆನಪಾಗುವುದು ಜಾರುತ್ತ ಮೇಲೇರುವ ಸ್ವರ. 1954ರಲ್ಲಿ ಅಮೆರಿಕದ ಕಂಟ್ರಿ ಗಾಯಕ ವೆಬ್ ಪಿಯರ್ಸ್ ಅವರ ‘ಸ್ಲೋಲಿ’ ಗೀತೆ ಜನಪ್ರಿಯವಾದಾಗ, ಅದರಲ್ಲಿ ಬಡ್ ಐಸಾಕ್ಸ್ ಅವರು ತಂತಿಗಳು ಇನ್ನೂ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿ ಸ್ವರವನ್ನು ಏರಿಸಿದ ರೀತಿ ಈ ವಾದ್ಯದ ಗುರುತಾಗಿಬಿಟ್ಟಿತು. ಮಂಡಿಯಿಂದ ತಳ್ಳಿ ತಂತಿಯ ಶ್ರುತಿಯನ್ನು ಇಳಿಸುವ ಲಿವರ್‌ಗಳಿಗೆ ಅಷ್ಟು ಮನ್ನಣೆ ದೊರೆತಿಲ್ಲ. ಆದರೂ ಸ್ವರಮೇಳವೊಂದರ ಒಳಗಿನ ಸ್ವರಗಳನ್ನು ಬೇರೆಬೇರೆ ದಿಕ್ಕಿಗೆ ನಡೆಸುವ ಸಾಮರ್ಥ್ಯ ಬಹುಮಟ್ಟಿಗೆ ಈ ಲಿವರ್‌ಗಳಲ್ಲಿಯೇ ಅಡಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೆಚ್ಚು ಬಳಕೆಯಲ್ಲಿರುವ ಹತ್ತು ತಂತಿಗಳ ಇ9 ಶ್ರುತಿವಿನ್ಯಾಸದಲ್ಲಿ ನಾಲ್ಕನೆಯ ತಂತಿಯನ್ನು ಹತ್ತಿರದಿಂದ ನೋಡೋಣ. ಸಾಮಾನ್ಯವಾಗಿ 0.014 ಇಂಚು ದಪ್ಪವಿರುವ ಈ ಉಕ್ಕಿನ ತಂತಿ, 24 ಇಂಚು ಉದ್ದದಲ್ಲಿ ಸೆಕೆಂಡಿಗೆ ಸುಮಾರು 330 ಬಾರಿ ಕಂಪಿಸಿ ಇ ಸ್ವರವನ್ನು ನುಡಿಯಬೇಕಾದರೆ ಹೆಚ್ಚುಕಡಿಮೆ 13 ಕಿಲೋಗ್ರಾಂ ತೂಕದಷ್ಟು ಬಿಗಿಯಲ್ಲಿರಬೇಕು. ಕಂಪನದ ಆವೃತ್ತಿಯು ಬಿಗಿಯ ವರ್ಗಮೂಲವನ್ನು ಅನುಸರಿಸುವುದರಿಂದ, ಸ್ವರವನ್ನು ಅರ್ಧ ಸ್ವರದಷ್ಟು (ಪಿಯಾನೋದ ಒಂದು ಕೀಲಿಯಿಂದ ಪಕ್ಕದ ಕೀಲಿಗೆ ಇರುವಷ್ಟು ಅಂತರ), ಅಂದರೆ ಡಿ ಶಾರ್ಪ್‌ಗೆ ಇಳಿಸಲು ಬಿಗಿಯನ್ನು ಶೇ. 11ರಷ್ಟು ತಗ್ಗಿಸಬೇಕಾಗುತ್ತದೆ. ಅದಕ್ಕಾಗಿ ತಂತಿಯ ತುದಿ ಸರಿಯಬೇಕಾದ ದೂರ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಲಿವರನ್ನು ಬಿಟ್ಟಾಗ ತಂತಿಯನ್ನು ಮತ್ತೆ ಮೊದಲಿನ ಬಿಗಿಗೆ ಎಳೆದು ನಿಲ್ಲಿಸುವುದು ಒಂದು ಸ್ಪ್ರಿಂಗ್. ಅದು ದುರ್ಬಲವಾದರೆ ತಂತಿ ತನ್ನ ಶ್ರುತಿಗೆ ಪೂರ್ತಿಯಾಗಿ ಮರಳುವುದಿಲ್ಲ; ಅತಿ ಬಿಗಿಯಾದರೆ ಲಿವರ್ ಭಾರವಾಗಿ, ಮಂಡಿಯ ನಯವಾದ ಚಲನೆಗೆ ಅಡ್ಡಿಯಾಗುತ್ತದೆ.

ಈ ಏರ್ಪಾಡಿನ ದೊಡ್ಡ ಅನುಕೂಲವೊಂದಿದೆ. ಬಿಗಿಯನ್ನು ಒಂದೇ ಅನುಪಾತದಲ್ಲಿ ತಗ್ಗಿಸಿದಾಗ ಸ್ವರವೂ ಒಂದೇ ಅನುಪಾತದಲ್ಲಿ ಇಳಿಯುತ್ತದೆ; ತಂತಿಯ ಉದ್ದ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಸ್ಟೀಲ್ ಬಾರನ್ನು ಓರೆಯಾಗಿ ಹಿಡಿದು ಸ್ವರಾಂತರವನ್ನು ಬದಲಿಸುವವರು ಪ್ರತಿಯೊಂದು ಫ್ರೆಟ್‌ನಲ್ಲಿಯೂ (ಬಾರ್ ಇಡಬೇಕಾದ ಸ್ಥಾನ ತೋರಿಸುವ ಗೆರೆಯಲ್ಲಿಯೂ) ಓರೆಯ ಕೋನವನ್ನು ಬದಲಿಸಿಕೊಳ್ಳಬೇಕಾಗುತ್ತದೆ, ಆದರೆ ಮಂಡಿಯ ಲಿವರ್ ಬಾರ್ ಎಲ್ಲಿದ್ದರೂ ಅದೇ ಅರ್ಧ ಸ್ವರವನ್ನು ಇಳಿಸುತ್ತದೆ.

ಬಾರ್ ಇಡದೆ ಮೂರು, ನಾಲ್ಕು, ಐದು, ಆರು ಮತ್ತು ಎಂಟನೆಯ ತಂತಿಗಳನ್ನು ಮೀಟಿದರೆ ಜಿ ಶಾರ್ಪ್, ಇ, ಬಿ, ಜಿ ಶಾರ್ಪ್, ಇ ಸ್ವರಗಳು ಕೂಡಿ ಇ ಮೇಜರ್ ಕೇಳಿಸುತ್ತದೆ. ನಾಲ್ಕು ಮತ್ತು ಎಂಟನೆಯ ತಂತಿಗಳನ್ನು ಇಳಿಸುವ ಲಿವರನ್ನು ತಳ್ಳಿದೊಡನೆ ಅದು ಜಿ ಶಾರ್ಪ್ ಮೈನರ್ ಆಗುತ್ತದೆ. ಅನೇಕರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಅದೇ ಲಿವರ್ ಹಿಡಿದು ನಾಲ್ಕು, ಐದು ಮತ್ತು ಏಳನೆಯ ತಂತಿಗಳನ್ನು ಮೀಟಿದರೆ ಡಿ ಶಾರ್ಪ್, ಬಿ, ಎಫ್ ಶಾರ್ಪ್ ಕೂಡಿ ಬಿ ಮೇಜರ್ ದೊರೆಯುತ್ತದೆ. ಐದು ಮತ್ತು ಹತ್ತನೆಯ ತಂತಿಗಳನ್ನು ಸಿ ಶಾರ್ಪ್‌ಗೆ ಏರಿಸುವ ಪೆಡಲ್‌ಗೆ ಎ ಎಂದೂ, ಮೂರು ಮತ್ತು ಆರನೆಯ ತಂತಿಗಳನ್ನು ಎ ಸ್ವರಕ್ಕೆ ಏರಿಸುವ ಪೆಡಲ್‌ಗೆ ಬಿ ಎಂದೂ ಹೆಸರು; ಈ ಎ ಮತ್ತು ಬಿ ಪೆಡಲ್‌ಗಳನ್ನು ಒಟ್ಟಿಗೆ ಒತ್ತಿದರೆ ಎ ಮೇಜರ್ ಸಿಗುವುದರಿಂದ, ಒಂದು ಹಾಡಿಗೆ ಬೇಕಾದ ಮೂರು ಮುಖ್ಯ ಸ್ವರಮೇಳಗಳನ್ನು ಬಾರನ್ನು ಒಂದಿಷ್ಟೂ ಸರಿಸದೆ ನುಡಿಸಬಹುದು.

ಶ್ರುತಿಯ ದೃಷ್ಟಿಯಿಂದಲೂ ಇಳಿದ ಡಿ ಶಾರ್ಪ್ ಗಮನಾರ್ಹವಾಗಿದೆ. ಬಿ ಮೇಜರ್‌ನಲ್ಲಿ ಅದು ಕಿವಿಗೆ ಶುದ್ಧವಾಗಿ ಕೇಳಬೇಕಾದರೆ ಪಿಯಾನೋದ ಡಿ ಶಾರ್ಪ್‌ಗಿಂತ ಸುಮಾರು 14 ಸೆಂಟ್‌ನಷ್ಟು, ಅಂದರೆ ಅರ್ಧ ಸ್ವರದ ನೂರರಲ್ಲಿ ಹದಿನಾಲ್ಕು ಭಾಗದಷ್ಟು, ತಗ್ಗಿರಬೇಕು. ಇ ಮೇಜರ್‌ಗಾಗಿ ಜಿ ಶಾರ್ಪ್ ತಂತಿಯನ್ನೂ ಅಷ್ಟೇ ತಗ್ಗಿಸಿ ಕೂಡಿಸಿರುವ ವಾದ್ಯದಲ್ಲಿ, ಜಿ ಶಾರ್ಪ್ ಮೈನರ್ ನುಡಿಸಿದಾಗಲೂ ಈ ಎರಡು ಸ್ವರಗಳ ನಡುವೆ ಹೆಚ್ಚುಕಡಿಮೆ 3:2ರ ಶುದ್ಧ ಅನುಪಾತವೇ ಉಳಿಯುತ್ತದೆ. ಒಂದೇ ತಿದ್ದುಪಡಿ ಎರಡು ಸ್ವರಮೇಳಗಳಿಗೂ ಒಪ್ಪುವುದು ಎಷ್ಟು ಸೊಗಸು!

ಇಳಿಸುವ ಲಿವರನ್ನು ಏರಿಸುವುದಕ್ಕೂ ಬಳಸಬಹುದು. ಮೊದಲೇ ತಳ್ಳಿ ಹಿಡಿದು, ಮೀಟಿದ ಬಳಿಕ ಬಿಟ್ಟರೆ ಸ್ವರ ಮೇಲಕ್ಕೆ ಜಾರುತ್ತದೆ. ಇದೇ ಲಿವರ್‌ನೊಂದಿಗೆ ಬಿ ಪೆಡಲನ್ನು ಒತ್ತಿ ಐದು, ಆರು ಮತ್ತು ಎಂಟನೆಯ ತಂತಿಗಳನ್ನು ಮೀಟಿ ನೋಡಿ: ಬಿ, ಎ ಮತ್ತು ಡಿ ಶಾರ್ಪ್ ಸೇರಿ ಬಿ7ರ ಕಾತರ ತುಂಬಿದ ನಾದ ಹುಟ್ಟುತ್ತದೆ. ಈಗ ಎರಡನ್ನೂ ಒಟ್ಟಿಗೆ ಬಿಟ್ಟರೆ ಡಿ ಶಾರ್ಪ್ ಮೇಲೇರಿ ಇ ಆಗುತ್ತದೆ, ಎ ಕೆಳಗಿಳಿದು ಜಿ ಶಾರ್ಪ್ ಆಗುತ್ತದೆ, ಬಿ ಇದ್ದಲ್ಲಿಯೇ ಇರುತ್ತದೆ. ಎರಡು ಸ್ವರಗಳು ಎದುರುಬದುರಾಗಿ ಜಾರುವ ಈ ಚಲನೆಯನ್ನು ಬಾರ್ ಒಂದರಿಂದಲೇ ಪಡೆಯಲು ಸಾಧ್ಯವಿಲ್ಲ, ಏಕೆಂದರೆ ನೇರವಾಗಿ ಹಿಡಿದ ಬಾರ್ ಎಲ್ಲ ತಂತಿಗಳನ್ನೂ ಒಂದೇ ದಿಕ್ಕಿಗೆ ಒಯ್ಯುತ್ತದೆ.

ಬಾರಿಗೆ ಎದುರಾಗಿ ಲಿವರನ್ನು ನಡೆಸುವುದು ಇನ್ನೂ ಹೆಚ್ಚು ಫಲ ಕೊಡುವ ಉಪಾಯ. ಮೂರನೆಯ ಫ್ರೆಟ್‌ನಲ್ಲಿ ನಾಲ್ಕು, ಐದು ಮತ್ತು ಆರನೆಯ ತಂತಿಗಳು ಜಿ ಮೇಜರ್ ನುಡಿಯುತ್ತವೆ. ಬಾರನ್ನು ನಾಲ್ಕನೆಯ ಫ್ರೆಟ್‌ಗೆ ಸರಿಸುತ್ತಲೇ ಇ ತಂತಿಗಳ ಲಿವರನ್ನು ತಳ್ಳಿದರೆ, ಬಾರ್ ಏರಿಸಿದ್ದನ್ನು ಲಿವರ್ ಕಳೆದುಬಿಡುವುದರಿಂದ ಮೇಲಿನ ಜಿ ಅಲುಗಾಡದೆ ನಿಲ್ಲುತ್ತದೆ. ಕೆಳಗಿನ ಎರಡು ಸ್ವರಗಳು ಮಾತ್ರ ಅರ್ಧ ಸ್ವರ ಏರಿ ಸಿ ಮೈನರ್ ಮೂಡುತ್ತದೆ. ಎರಡು ಚಲನೆಗಳ ವೇಗ ಹೊಂದದಿದ್ದರೆ ಜಿ ಕ್ಷಣಕಾಲ ನಡುಗುತ್ತದೆ, ಆದ್ದರಿಂದ ಮೊದಲು ಆ ಒಂದೇ ತಂತಿಯನ್ನು ಮೀಟಿ, ಅದು ಕದಲದಂತೆ ಅಭ್ಯಾಸ ಮಾಡುವುದು ಒಳ್ಳೆಯದು.

ಐದು ಮತ್ತು ಹತ್ತನೆಯ ತಂತಿಗಳನ್ನು ಬಿ ಫ್ಲ್ಯಾಟ್‌ಗೆ ಇಳಿಸುವ ಲಿವರ್ ಕೆಲವು ವಾದ್ಯಗಳಲ್ಲಿ ಮೇಲ್ಮುಖವಾಗಿ ಚಲಿಸುತ್ತದೆ. ಎ ಮತ್ತು ಬಿ ಪೆಡಲ್‌ಗಳನ್ನು ಒತ್ತಿದಾಗ ಐದನೆಯ ತಂತಿ ಸಿ ಶಾರ್ಪ್ ಆಗಿರುತ್ತದೆ. ಈ ಲಿವರನ್ನೂ ಸೇರಿಸಿದರೆ ಅದು ಸಿ ಆಗಿ, ಎ ಮೇಜರ್ ಇದ್ದದ್ದು ಎ ಮೈನರ್ ಆಗುತ್ತದೆ. ಏರಿಕೆ ಮತ್ತು ಇಳಿಕೆ ಒಂದೇ ತಂತಿಯ ಮೇಲೆ ನಡೆಯುವುದರಿಂದ ಆ ಸಿ ತಾನಾಗಿ ಶ್ರುತಿಗೆ ಕೂಡುವುದಿಲ್ಲ. ಅದನ್ನು ಸರಿಪಡಿಸಲೆಂದೇ ಹಲವು ವಾದ್ಯಗಳಲ್ಲಿ ಪ್ರತ್ಯೇಕ ಸ್ಕ್ರೂ ಇರುತ್ತದೆ. ಇಲ್ಲಿಂದ ಇ ಮೇಜರ್‌ಗೆ ಮರಳುವಾಗ ಎಲ್ಲವನ್ನೂ ಒಮ್ಮೆಗೇ ಬಿಡುವುದು ವಾಡಿಕೆಯ ದಾರಿ. ಪೆಡಲ್‌ಗಳನ್ನು ಮೊದಲು ಬಿಟ್ಟು ಲಿವರನ್ನು ತುಸು ತಡೆದು ಬಿಟ್ಟರೆ, ಐದನೆಯ ತಂತಿ ಸಿ ಇಂದ ಬಿ ಫ್ಲ್ಯಾಟ್‌ಗೆ ಇಳಿದು, ಅಲ್ಲಿಂದ ಅರ್ಧ ಸ್ವರ ಮೇಲೇರಿ ಬಿಯಲ್ಲಿ ನಿಲ್ಲುತ್ತದೆ.