ತಾತನ ಹತ್ತಿರ ಮೊಮ್ಮಗ ಕುಂದ್ರಲ್ಲ, ಏನು ಮಾಡೋದು?

ಪ್ರಶ್ನೆ: ನಮ್ಮದು ದಾವಣಗೆರೆ. ಮನೆಯಲ್ಲಿ ಎಂಬತ್ತರ ಹತ್ತಿರದ ಮಾವನವರಿದ್ದಾರೆ, ಐದನೇ ಕ್ಲಾಸಿನ ಮಗನಿದ್ದಾನೆ. ಇರೋದು ಒಂದೇ ಮನೆಯಲ್ಲಿ, ಆದರೆ ಇಬ್ಬರ ಮಾತು ‘ಊಟ ಆಯ್ತಾ?’ ‘ಹ್ಞೂ’ ಅನ್ನುವಷ್ಟಕ್ಕೇ ಮುಗಿಯುತ್ತದೆ. ‘ಹೋಗಿ ತಾತನ ಹತ್ರ ಮಾತಾಡು’ ಅಂದರೆ ಮಗ ಮುಖ ಸಿಂಡರಿಸುತ್ತಾನೆ. ಏನು ಮಾಡಬೇಕು?

ಉತ್ತರ: ಮೊದಲು ಆ ‘ಹೋಗಿ ಮಾತಾಡು’ ಅನ್ನೋದನ್ನ ಬಿಡಿ. ಮದುವೆ ಮನೆಯಲ್ಲಿ ಗುರುತಿಲ್ಲದವರ ಪಕ್ಕ ಕೂರಿಸಿ ‘ಮಾತಾಡ್ರಿ’ ಅಂದರೆ ನಮಗೂ ಬಾಯಿ ಕಟ್ಟುತ್ತದೆ.

ಆಮೇಲೆ ಮಾವನವರ ಕಿವಿಯ ಕಡೆ ಗಮನ ಕೊಡಿ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ತೀಕ್ಷ್ಣ ಸ್ವರಗಳನ್ನು. ಸ, ಶ, ತ ಇಂಥವು ಜಾರಿಹೋಗುತ್ತವೆ. ಮಕ್ಕಳ ದನಿ ಹೇಗೂ ಸಣ್ಣದು, ಮಾತು ಗಡಿಬಿಡಿಯದು, ಜೊತೆಗೆ ಹಿಂದೆ ಟಿ.ವಿ. ಓಡುತ್ತಿರುತ್ತದೆ. ಹಾಗಾಗಿ ನಿಮ್ಮ ಮಾತು ಚೆನ್ನಾಗಿಯೇ ಕೇಳುವ ತಾತನಿಗೆ ಮೊಮ್ಮಗನ ಮಾತು ಅರ್ಧ ಮಾತ್ರ ಕೇಳಬಹುದು. ಎರಡು ಸಲ ‘ಆಂ?’ ಅಂದ ಮೇಲೆ ಅವರಿಗೆ ಮುಜುಗರ, ಸುಮ್ಮನೆ ತಲೆಯಾಡಿಸುತ್ತಾರೆ. ಹುಡುಗ ‘ತಾತಂಗೆ ನನ್ನ ಮಾತು ಬೇಡ’ ಅಂದುಕೊಳ್ಳುತ್ತಾನೆ. ಕಿರುಚಿದರೆ ಪ್ರಯೋಜನವಿಲ್ಲ, ಸ್ವರ ಇನ್ನೂ ಒಡೆಯುತ್ತದೆ. ಟಿ.ವಿ. ಆರಿಸಿ, ಎದುರಿಗೆ ಬೆಳಕಲ್ಲಿ ಕೂತು, ನಿಧಾನವಾಗಿ ಹೇಳುವುದನ್ನು ಹುಡುಗನಿಗೆ ಕಲಿಸಿ. ಒಮ್ಮೆ ಕಿವಿ ತೋರಿಸಿಕೊಂಡೂ ಬನ್ನಿ, ಎಷ್ಟೋ ಸಲ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ.

ಇನ್ನು ಮಾತಿನ ವಿಷಯ. ‘ತಾತಾ, ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಅನ್ನೋದು ಪರೀಕ್ಷೆಯ ಪ್ರಶ್ನೆಯ ಥರ, ಎಲ್ಲಿಂದ ಶುರು ಮಾಡಬೇಕೋ ಯಾರಿಗೂ ತಿಳಿಯದು. ಸಣ್ಣದು, ಗಟ್ಟಿಯಾದದ್ದು ಕೇಳಬೇಕು. ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಮುಪ್ಪಿನಲ್ಲೂ ಹೆಚ್ಚು ನಿಚ್ಚಳ ಅನ್ನುವುದು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡಿರುವ ಸಂಗತಿ. ನಿಮ್ಮ ಮಾವನವರ ಲೆಕ್ಕದಲ್ಲಿ ಅದು 1950ರ ದಶಕದ ಕೊನೆಯಿಂದ 70ರ ದಶಕದವರೆಗೆ. ನಮ್ಮ ಊರಿನ ಮಟ್ಟಿಗಂತೂ ಅದು ಭಾರಿ ಕಾಲ. 1956ರ ನವೆಂಬರ್‌ವರೆಗೆ ಹರಿಹರದಲ್ಲಿ ಹೊಳೆ ದಾಟಿದರೆ ಮುಂಬಯಿ ರಾಜ್ಯ! ರಾಣೆಬೆನ್ನೂರಿನ ನೆಂಟರ ಮನೆಗೆ ಹೋಗೋದು ಅಂದರೆ ಬೇರೆ ರಾಜ್ಯಕ್ಕೆ ಹೋದ ಹಾಗೆ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರಾಣೆ. ‘ನಾಲ್ಕಾಣೆಗೆ ಏನೇನು ಬರ್ತಿತ್ತು?’ ಅಂತ ಐದನೇ ಕ್ಲಾಸಿನ ಹುಡುಗ ಕೇಳಲಿ, ಲೆಕ್ಕ ಹಾಕಿ ಇಬ್ಬರೂ ಜಗಳಾಡಲಿ. ಊರನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂತ ಕರೆಯುತ್ತಿದ್ದಾಗ ಹತ್ತಿಗಿರಣಿಯ ಪಾಳಿ ಬಿಟ್ಟರೆ ರಸ್ತೆ ಹೇಗಿರುತ್ತಿತ್ತು? ಭದ್ರಾ ನಾಲೆ ಬರುವ ಮುಂಚೆ ಹೊಲದಲ್ಲಿ ಏನು ಬಿತ್ತುತ್ತಿದ್ದರು? 1997ಕ್ಕೆ ಮೊದಲು ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು ಅಂದರೇ ಎಷ್ಟೋ ಮಕ್ಕಳು ನಂಬುವುದಿಲ್ಲ.

ಪ್ರಶ್ನೆಗಿಂತಲೂ ಕೈಗೆ ಕೆಲಸ ಕೊಡುವುದು ಸಲೀಸು ಅಂತ ನನ್ನ ಅನುಭವ. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲು ಮಕ್ಕಳಿಗೆ ಸಂಕೋಚ. ಅವರೆಕಾಯಿ ಸುಲಿಯುವಾಗ ಅದಿರುವುದಿಲ್ಲ. ಪಕ್ಕದ ಮನೆಯಲ್ಲಿ ಒಂದು ಸಂಜೆ ಒಗ್ಗರಣೆ ಮಂಡಕ್ಕಿ ನಡೆದಿತ್ತು. ಹುಡುಗಿ ನೀರಲ್ಲಿ ಅದ್ದಿದ ಮಂಡಕ್ಕಿಯನ್ನು ಎರಡೂ ಕೈಯಲ್ಲಿ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದ್ದಳು. ‘ಅಷ್ಟ್ ಹಿಂಡಬ್ಯಾಡ್ವೇ, ಮುದ್ದೆ ಆಗುತ್ತೆ’ ಅಂತ ಅಜ್ಜಿ ಅವಳ ಬೆರಳು ಬಿಡಿಸಿದರು. ‘ನಿಂಗ್ಯಾರು ಕಲಿಸಿದ್ರಜ್ಜಿ?’ ಅಂದಳು. ಅಲ್ಲಿಂದ ಅಜ್ಜಿಯ ಅತ್ತೆ, ಭಟ್ಟಿಯ ಬಿಸಿ ಮರಳು, ಬತ್ತ ನೆನೆಹಾಕುವ ಹದ, ಎಲ್ಲ ಬಂದವು. ಅಡುಗೆ ಬೇಡವೆಂದರೆ ಚೌಕಾಬಾರ ಇದೆ. ಕವಡೆ ಬಿದ್ದ ಲೆಕ್ಕದಲ್ಲಿ ಮೋಸ ಮಾಡುವ ವಿಷಯದಲ್ಲಿ ತಾತಂದಿರು ಮೊಮ್ಮಕ್ಕಳಿಗೇನೂ ಕಡಿಮೆಯಿಲ್ಲ.

ಇಲ್ಲಿ ನಿಮಗೊಂದು ಮಾತು, ಬೇಜಾರಾಗಬೇಡಿ. ಮಾತು ಕೆಡಿಸುವವರು ಹೆಚ್ಚಿನ ಮನೆಗಳಲ್ಲಿ ನಡುವಿನವರೇ. ತಾತ ಕಥೆ ಶುರು ಮಾಡಿದರೆ ನಾವು ‘ಅದು ಆಗಲೇ ಹೇಳಿದೀರಲ್ಲ’ ಅನ್ನುತ್ತೇವೆ. ಇಸವಿ ತಿದ್ದುತ್ತೇವೆ. ಕೊನೆಗೆ ‘ನೋಡು, ಅವರು ಎಷ್ಟು ಕಷ್ಟಪಟ್ಟಿದ್ರು, ನೀನೂ ಇದೀಯ’ ಅಂತ ಹುಡುಗನ ಕಡೆ ತಿರುಗುತ್ತೇವೆ. ಅವನು ಮತ್ತೆ ಆ ಕಡೆ ಸುಳಿದರೆ ಕೇಳಿ! ಇಬ್ಬರನ್ನೂ ಬಿಟ್ಟು ನೀವು ಅಡುಗೆಮನೆಗೋ ಅಂಗಡಿಗೋ ಹೋಗಿ.

ಮಾವನವರಿಗೆ ಮರೆವು ಶುರುವಾಗಿದ್ದರೆ ‘ಇವನ್ಯಾರು ಹೇಳಿ ನೋಡೋಣ’ ಅನ್ನುವ ಪರೀಕ್ಷೆ ಖಂಡಿತ ಬೇಡ. ‘ತಾತಾ, ನಾನು ಇಂಥವನು’ ಅಂತ ಹುಡುಗನೇ ಹೆಸರು ಹೇಳಿಕೊಂಡು ಪಕ್ಕ ಕೂರಲಿ. ಹಳೆ ಫೋಟೋ ಆಲ್ಬಮ್ ತೆಗೆದರೆ ಸಾಕು, ಮಾತು ಕಡಿಮೆಯಾದರೂ ನಡೆಯುತ್ತದೆ. ಹೇಳಿದ್ದೇ ಹೇಳಿದರೂ ಹುಡುಗರಿಗೆ ನಮ್ಮಷ್ಟು ಬೇಸರವಾಗುವುದಿಲ್ಲ, ಒಂದೇ ಕಾರ್ಟೂನನ್ನು ಹತ್ತು ಸಲ ನೋಡುವವರು ಅವರು.