ಒರಿಜಿನಲ್ಲೋ, ಪ್ರಿಂಟೋ?

ಪ್ರಶ್ನೆ: ಫ್ರೆಂಚ್ ಕಲಾವಿದ ತುಲೂಸ್-ಲೊತ್ರೆಕ್ ರಚಿಸಿದ ‘ಕುಳಿತ ವಿದೂಷಕಿ’ಯನ್ನು ದೊಡ್ಡ ದೊಡ್ಡ ಸಂಗ್ರಹಾಲಯಗಳೇ ‘ಪ್ರಿಂಟ್’ ಎನ್ನುತ್ತವೆ. ಹಾಗಾದರೆ ಅದರ ಒರಿಜಿನಲ್ ಎಲ್ಲಿದೆ? ನಕಲಿಗೆ ಇಷ್ಟು ಬೆಲೆ ಏಕೆ?

ಕೇಳುವವರ ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನೀವು ನೋಡಿದ ಆ ಹಾಳೆಯೇ ಒರಿಜಿನಲ್. ಅದರಂಥವು ಸುಮಾರು ನೂರು ಅಚ್ಚಾದವು, ನೂರೂ ಒರಿಜಿನಲ್.

ಇಲ್ಲಿಗೆ ಯಾರೂ ಸುಮ್ಮನಾಗುವುದಿಲ್ಲ ಎಂಬುದು ಗೊತ್ತು. ‘ಪ್ಯಾರಿಸ್‌ನ ಒರ್ಸೇ ಸಂಗ್ರಹಾಲಯದಲ್ಲಿ ಅದರ ಪೇಂಟಿಂಗ್ ಕಣ್ಣಾರೆ ನೋಡಿದ್ದೇನೆ’ ಎಂದು ವಾದಕ್ಕೆ ನಿಲ್ಲುವವರಿದ್ದಾರೆ. ನೋಡಿರಬಹುದು. ಆದರೆ ಅದು ಬೇರೆಯೇ ಚಿತ್ರ. 1895ರ ಆ ವರ್ಣಚಿತ್ರದಲ್ಲಿ ಶಾ-ಉ-ಕಾವೊ ಎಂಬ ಅದೇ ವಿದೂಷಕಿ ತನ್ನ ಕೋಣೆಯಲ್ಲಿ ಉಡುಪು ಸರಿಪಡಿಸಿಕೊಳ್ಳುತ್ತಿದ್ದಾಳೆ. ಮರುವರ್ಷ ಬಂದ ಲಿಥೋಗ್ರಾಫ್‌ನಲ್ಲಿ, ಅಂದರೆ ನೀವು ಕೇಳಿದ ಕಲ್ಲಚ್ಚಿನ ಹಾಳೆಯಲ್ಲಿ, ಅವಳು ಕಾಲುಗಳನ್ನು ಅಗಲಿಸಿ, ಮಂಡಿಗಳ ನಡುವೆ ಕೈ ಬೆಸೆದು, ದಣಿದ ಕೂಲಿಯಾಳಿನ ನಿರಾಳದಲ್ಲಿ ಕುಳಿತಿದ್ದಾಳೆ. ಕಪ್ಪು ಕಾಲುಡುಪು, ಕೊರಳ ಸುತ್ತ ಹಳದಿ ಝಾಲರು. ಒಬ್ಬಳನ್ನೇ ಎರಡು ಸಲ ಬರೆದ ಮಾತ್ರಕ್ಕೆ ಎರಡನೆಯದು ಮೊದಲನೆಯದರ ನಕಲಾಗುವುದಾದರೆ ಲೋಕದ ಅರ್ಧ ಚಿತ್ರಕಲೆ ನಕಲೇ ಆದೀತು.

ಈ ಹಟಮಾರಿ ತಪ್ಪುಕಲ್ಪನೆಯ ಬುಡ ಇರುವುದು ‘ಮೊದಲು ಪೇಂಟಿಂಗ್, ಆಮೇಲೆ ಪ್ರಿಂಟ್’ ಎಂಬ ನಂಬಿಕೆಯಲ್ಲಿ. ಇಂಥ ಲಿಥೋಗ್ರಾಫ್‌ನಲ್ಲಿ ಆ ಕ್ರಮವೇ ಇಲ್ಲ. ನಯವಾದ ಸುಣ್ಣದಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದಲೋ ಕುಂಚದಿಂದಲೋ ಚಿತ್ರ ಬರೆಯಬೇಕು. ರಾಸಾಯನಿಕದಿಂದ ಅದನ್ನು ಕಲ್ಲಿನಲ್ಲಿ ನೆಲೆಗೊಳಿಸಿ ನೀರು ಹಚ್ಚಬೇಕು. ಬರಿಗಲ್ಲು ನೀರು ಕುಡಿಯುತ್ತದೆ, ಜಿಡ್ಡು ಕುಡಿಯುವುದಿಲ್ಲ. ಆಮೇಲೆ ಎಣ್ಣೆಯ ಶಾಯಿ ಉರುಳಿಸಿದರೆ ಅದು ಗೆರೆಗಳಿಗೆ ಮಾತ್ರ ಅಂಟುತ್ತದೆ. ಕೆತ್ತನೆಯಿಲ್ಲ, ಕ್ಯಾಮೆರಾ ಇಲ್ಲ. ‘ಕುಳಿತ ವಿದೂಷಕಿ’ಗೆ ಐದು ಬಣ್ಣಗಳು. ಪ್ರತಿ ಬಣ್ಣವನ್ನೂ ಪ್ರತ್ಯೇಕವಾಗಿ ಯೋಚಿಸಿ, ಬರೆದು, ಒಂದರ ಮೇಲೊಂದು ಕೂದಲೆಳೆಯೂ ಸರಿಯದಂತೆ ಕೂರಿಸಬೇಕು. ಹಾಳೆಯ ಮೇಲೆ ಎರಚಿದಂತೆ ಕಾಣುವ ಆ ಸಣ್ಣ ಹನಿಗಳೂ ಮುದ್ರಣದ ಕೊಳೆಯಲ್ಲ. ಬ್ರಷ್ಷಿನಿಂದ ಶಾಯಿ ಚಿಮುಕಿಸುವುದು ಲೊತ್ರೆಕ್‌ನ ಅಚ್ಚುಮೆಚ್ಚಿನ ವರಸೆ. ಕಾಗದ ಕಲ್ಲಿಗೆ ಒತ್ತುವ ತನಕ ಈ ಚಿತ್ರ ಲೋಕದಲ್ಲೇ ಇರಲಿಲ್ಲ. ಒಂದೇ ತಟ್ಟೆಯಲ್ಲಿ ಬೆಂದ ಇಡ್ಲಿಗಳಲ್ಲಿ ‘ಮೂಲ ಇಡ್ಲಿ’ ಯಾವುದೆಂದು ಯಾರಾದರೂ ಹುಡುಕುತ್ತಾರೆಯೇ?

ಪ್ಯಾರಿಸ್‌ನ ಗುಸ್ತಾವ್ ಪೆಲ್ಲೆ 1896ರಲ್ಲಿ ಪ್ರಕಟಿಸಿದ ‘ಎಲ್’ ಎಂಬ ಮಾಲಿಕೆಯ ಹಾಳೆ ಇದು. ಉಳಿದ ಹಾಳೆಗಳು ಹೆಚ್ಚಾಗಿ ವೇಶ್ಯಾಗೃಹದ ಹೆಂಗಸರ ನಿತ್ಯಬದುಕಿನವು. ಪ್ಯಾರಿಸ್‌ನ ನೃತ್ಯಶಾಲೆ ಮುಲಾಂ ರೂಜ್‌ನ ಈ ವಿದೂಷಕಿ ಅವರ ನಡುವೆ ಬಂದು ಕುಳಿತಿದ್ದಾಳೆ. ಆಗ ಮಾಲಿಕೆ ಸರಿಯಾಗಿ ಮಾರಾಟವಾಗಲಿಲ್ಲ. ಇಂದು ಬೆಲೆ ಕೇಳಿ ಹುಬ್ಬೇರಿಸುವವರು ಅದನ್ನೂ ನೆನಪಿಡಲಿ.

ನಮ್ಮ ಜನರಿಗೆ ಈ ಗೊಂದಲ ಅಂಟಿದ್ದಕ್ಕೆ ಕಾರಣವೂ ಇದೆ, ಅದು ದೇವರಮನೆಯಲ್ಲೇ ನೇತಾಡುತ್ತಿದೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಲಿಥೋ ಮುದ್ರಣಾಲಯ ಆರಂಭಿಸಿದ. ಅಲ್ಲಿಂದ ಮನೆಮನೆಗೆ ಬಂದ ಲಕ್ಷ್ಮಿ, ಸರಸ್ವತಿಯರು ನಿಜಕ್ಕೂ ತೈಲಚಿತ್ರಗಳ ಪಡಿಯಚ್ಚುಗಳೇ. ಎರಡೂ ಕಡೆ ಕಲ್ಲಿನದೇ ವಿದ್ಯೆ. ಆದರೆ ರವಿವರ್ಮನ ಚಿತ್ರವನ್ನು ಕಲ್ಲಿಗಿಳಿಸಿದ್ದು ಬೇರೆ ಕುಶಲಕರ್ಮಿಗಳು, ಲೊತ್ರೆಕ್ ಬರೆದದ್ದೇ ಕಲ್ಲಿಗಾಗಿ. ನನ್ನ ಮಟ್ಟಿಗೆ ವ್ಯತ್ಯಾಸವೆಲ್ಲ ಇಲ್ಲಿದೆ, ಯಂತ್ರದಲ್ಲಿಲ್ಲ. ಇನ್ನು ಸಂಗ್ರಹಾಲಯದ ಅಂಗಡಿಯಲ್ಲಿ ಸುತ್ತಿ ಕೊಡುವ ಪೋಸ್ಟರ್ ಇದ್ಯಾವುದೂ ಅಲ್ಲ. ಭೂತಗನ್ನಡಿ ಹಿಡಿದರೆ ಸಾಲುಗಟ್ಟಿದ ಚುಕ್ಕಿಗಳು ಕಾಣುತ್ತವೆ, ಅದು ಫೋಟೊದಿಂದ ಯಂತ್ರದಲ್ಲಿ ಅಚ್ಚು ಹಾಕಿದ ಆಫ್‌ಸೆಟ್. ಅದನ್ನು ಧಾರಾಳವಾಗಿ ನಕಲು ಎನ್ನಿ, ನನ್ನ ತಕರಾರಿಲ್ಲ.

ಯಾರೂ ನೇರವಾಗಿ ಕೇಳದ, ಆದರೆ ಕೊಳ್ಳುವವರ ಮನಸ್ಸಿನಲ್ಲಿ ಸದಾ ಇರುವ ಇನ್ನೊಂದು ಪ್ರಶ್ನೆಯಿದೆ: ನೂರರಲ್ಲಿ ಮೊದಲನೆಯ ಹಾಳೆ ಹೆಚ್ಚು ಶ್ರೇಷ್ಠವೇ? ಲಿಥೋಗ್ರಾಫ್‌ನಲ್ಲಿ ಅದಕ್ಕೆ ಅರ್ಥವಿಲ್ಲ. ನೂರು ಪ್ರತಿಗಳಿಗೆಲ್ಲ ಕಲ್ಲು ದಣಿಯುವುದಿಲ್ಲ. ಸಂಖ್ಯೆಗಿಂತ ಹಾಳೆಯ ಅಂಚು ಕತ್ತರಿಸಿದ್ದಾರೆಯೇ, ಬಣ್ಣ ಮಾಸಿದೆಯೇ ಎಂದು ನೋಡುವುದು ಜಾಣತನ. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರುವ ಡ್ರೈಪಾಯಿಂಟ್‌ನ ಮಾತು ಬೇರೆ. ಗೀರಿನ ಪಕ್ಕ ಎದ್ದ ಲೋಹದ ಸಣ್ಣ ಅಂಚೇ ಅಲ್ಲಿ ಮಖಮಲ್ಲಿನಂಥ ಕಪ್ಪು ಕೊಡುವುದು, ಒತ್ತಿದಂತೆಲ್ಲ ಅದು ಸವೆಯುತ್ತದೆ. ಪಿಕಾಸೊ 1904–05ರಲ್ಲಿ ಅಲೆಮಾರಿ ಸರ್ಕಸ್ ಕಲಾವಿದರನ್ನು ಇಂಥ ತಗಡುಗಳಲ್ಲಿ ಬರೆದ. ವ್ಯಾಪಾರಿ ವೊಲ್ಲಾರ್ ಆ ತಗಡುಗಳನ್ನು ಕೊಂಡು, ಬಾಳಿಕೆಗಾಗಿ ಉಕ್ಕಿನ ಲೇಪ ಹಾಕಿಸಿ, 1913ರಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಪ್ರತಿ ತೆಗೆಸಿದ. ಲೇಪಕ್ಕೆ ಮೊದಲು ಒತ್ತಿದ ಕೆಲವೇ ಹಾಳೆಗಳನ್ನು ಅವುಗಳ ಪಕ್ಕದಲ್ಲಿಟ್ಟು ನೋಡಿ; ಅಲ್ಲಿ ಮಾತ್ರ ‘ಮೊದಲು ಬಂದದ್ದು ಮೇಲು’ ಎಂಬ ವಾದವನ್ನು ನಾನೂ ಒಪ್ಪುತ್ತೇನೆ.