ಮಾಣಿಯ ಮೊಣಕಾಲಿನ ಕಪ್ಪು ಗೆರೆ

ಕುಮಟಾದ ಪರಿಚಯದವರೊಬ್ಬರು ಮಗನ ಬೋನ್ ಸ್ಕ್ಯಾನ್ ಫಿಲ್ಮ್ ಹಿಡಿದು ಕಾರವಾರದ ನಮ್ಮ ಮನೆಗೆ ಬಂದರು. "ಮಾಸ್ತರ್ರೇ, ಮಾಣಿಯ ಎರಡೂ ಮೊಣಕಾಲು ಕಪ್ಪಗಾಗಿದೆ. ಅಲ್ಲಿಗೂ ಇಳಿಯಿತಲ್ಲ!" ಹುಡುಗನ ಹೊಟ್ಟೆಯಲ್ಲಿ ನ್ಯೂರೋಬ್ಲಾಸ್ಟೋಮಾ ಗಡ್ಡೆ, ಎಳೆಯ ನರಕೋಶಗಳಿಂದ ಹುಟ್ಟುವ ಮಕ್ಕಳ ಕ್ಯಾನ್ಸರ್.

ಬೋನ್ ಸ್ಕ್ಯಾನ್ ಕ್ಯಾನ್ಸರನ್ನು ನೋಡುವುದೇ ಇಲ್ಲ. ಅದಕ್ಕೆ ಕಾಣುವುದು ಮೂಳೆ ಕಟ್ಟುವ ಕೆಲಸ. ಕ್ಯಾನ್ಸರ್ ಮೂಳೆ ಕೆಡಿಸಿದಲ್ಲಿ ದುರಸ್ತಿಗೆಂದು ಆ ಕೆಲಸ ಜೋರಾಗುತ್ತದೆ. ಉಪ್ಪುನೀರಿನ ಅಂಚಿನ ಗಜನಿ ಗದ್ದೆಯ ಕಟ್ಟೆ ಒಡೆದರೆ ಊರವರು ಮಣ್ಣು ಹೊತ್ತು ಓಡುತ್ತಾರೆ. ದೂರದಿಂದ ಒಡಕು ಕಾಣದಿದ್ದರೂ ಜನ ಸೇರಿದ್ದು ಕಾಣುತ್ತದೆ. ಎಕ್ಸ್‌ರೇ ಒಡಕನ್ನು ಹುಡುಕುತ್ತದೆ. ಮೂಳೆಯ ಖನಿಜ ಮೂರರಲ್ಲೊಂದು ಪಾಲಾದರೂ ಕರಗುವ ತನಕ ಅದಕ್ಕೆ ಸುಳಿವು ಸಿಗುವುದು ಕಷ್ಟ. ಸ್ಕ್ಯಾನ್ ಮಣ್ಣು ಹೊರುವವರನ್ನು ಹುಡುಕುತ್ತದೆ. ರಾತ್ರಿ ಬೈತಖೋಲದ ಕಡಲಲ್ಲಿ ದೋಣಿ ಕಾಣದು, ದೀಪ ಕಾಣುತ್ತದೆ. ದೀಪ ಗುಂಪಾದಲ್ಲಿ ಕೆಲಸ ನಡೆದಿದೆ ಎಂದು ದಡದಲ್ಲೇ ನಿಂತು ಹೇಳಬಹುದು.

ಆ ದೀಪವೇ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಸೂಸುವ ಪದಾರ್ಥ. ಮೂಳೆಯ ಖನಿಜಕ್ಕೆ ಅಂಟುವ ಫಾಸ್ಫೊನೇಟಿಗೆ ಅದನ್ನು ಬೆಸೆದು ಚುಚ್ಚಿ, ಎರಡು ಮೂರು ತಾಸು ಬಿಟ್ಟು ಚಿತ್ರ ತೆಗೆಯುತ್ತಾರೆ. 1937ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಸೆಗ್ರೆ ಮತ್ತು ಪೆರಿಯೆ ಪತ್ತೆ ಮಾಡಿದ ಧಾತು ಇದು. ಅಮೆರಿಕದ ಸೈಕ್ಲೋಟ್ರಾನ್ ಎಂಬ ಕಣಗಳ ವೇಗ ಹೆಚ್ಚಿಸುವ ಯಂತ್ರದಲ್ಲಿ ಬಳಸಿ ತೆಗೆದ ಮಾಲಿಬ್ಡಿನಂ ತಗಡಿನಲ್ಲಿ ಸಿಕ್ಕಿತು! ಆಸ್ಪತ್ರೆಗೆ ಈಗಲೂ ಅದು ಬರುವುದು ಮಾಲಿಬ್ಡಿನಂನಿಂದಲೇ. ಸೀಸದ ಕವಚದೊಳಗಿನ ಮಾಲಿಬ್ಡಿನಂ-99 66 ತಾಸಿಗೆ ಅರ್ಧವಾಗುತ್ತ ಟೆಕ್ನೀಷಿಯಂ ಹುಟ್ಟಿಸುತ್ತದೆ. ಬೆಳಿಗ್ಗೆ ಸಲೈನ್ ಹಾಯಿಸಿ ಅದನ್ನು ಹಾಲಿನಂತೆ ಕರೆದುಕೊಳ್ಳುತ್ತಾರೆ. ಈ ಕೆಲಸದವರು ಆ ಡಬ್ಬವನ್ನು ಹಸು ಎಂದೇ ಕರೆಯುತ್ತಾರೆ. ಒಂದೆರಡು ವಾರದಲ್ಲಿ ಹಸು ಬತ್ತುತ್ತದೆ. ಹಾಲು ಇನ್ನೂ ಬೇಗ: 6 ತಾಸಿಗೆ ಅರ್ಧ, 24 ತಾಸಿಗೆ ಹದಿನಾರರಲ್ಲಿ ಒಂದು ಪಾಲು. ವಿಕಿರಣ ಸೊನ್ನೆಯಲ್ಲ, ಅದಕ್ಕೇ ಮಗುವಿನ ತೂಕ ನೋಡಿ ಅಳೆದು ಕೊಡುತ್ತಾರೆ. ಕೈಗಾ ಅಣುಸ್ಥಾವರ ಪಕ್ಕದಲ್ಲಿರುವುದಕ್ಕೋ ಏನೋ, 'ಅಣು' ಎಂದೊಡನೆ ನಮ್ಮಲ್ಲಿ ಕೆಲವರು ಸ್ಕ್ಯಾನ್ ಮುಂದೂಡಿ ತಾಯಿತ ಕಟ್ಟಿಸಿ ತಿಂಗಳು ಕಳೆಯುತ್ತಾರೆ. ಹಾಗೆ ಕಳೆದ ತಿಂಗಳು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ಮೊಣಕಾಲು. ಮಕ್ಕಳು ಉದ್ದವಾಗುವುದು ಮೂಳೆಯ ತುದಿಗಳ ಹತ್ತಿರದ ಬೆಳವಣಿಗೆಯ ಪಟ್ಟಿಯಲ್ಲಿ. ಮೊಣಕಾಲಿನ ಮೇಲೂ ಕೆಳಗೂ ಹಗಲಿರುಳು ಕಟ್ಟಡದ ಕೆಲಸ, ಹಾಗಾಗಿ ಫಿಲ್ಮಿನಲ್ಲಿ ಕಪ್ಪು. ತೊಡಕು ಏನೆಂದರೆ ನ್ಯೂರೋಬ್ಲಾಸ್ಟೋಮಾ ಹಬ್ಬುವುದೂ ಇದೇ ಜಾಗದ ಪಕ್ಕಕ್ಕೆ, ಎಷ್ಟೋ ಸಲ ಎರಡೂ ಕಾಲಿಗೆ. ಆರೋಗ್ಯದ ಗೆರೆಯ ಅಂಚು ಸ್ಪಷ್ಟ. ರೋಗ ಸೇರಿದರೆ ಅಂಚು ಕದಡುತ್ತದೆ. ಮಗು ಅಲುಗಾಡಿದರೂ ಕದಡುತ್ತದೆ.

ಅದಕ್ಕೇ ವೈದ್ಯರು ಎಂಐಬಿಜಿ ಸ್ಕ್ಯಾನನ್ನೂ ಬರೆದಿದ್ದರು. ನರಗಳ ನಾರ್‌ಅಡ್ರಿನಲಿನ್ ಹೋಲುವ ಈ ಪದಾರ್ಥ ಅಯೋಡಿನ್-123 ಹೊತ್ತು ಹೋಗುತ್ತದೆ. ಈ ಜಾತಿಯ ಗಡ್ಡೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಅದನ್ನು ಒಳಗೆಳೆದುಕೊಳ್ಳುತ್ತವೆ, ಬೆಳೆಯುವ ಮೂಳೆಗೆ ಅದು ಬೇಡ. ಮರುದಿನ ತೆಗೆದ ಚಿತ್ರದಲ್ಲಿ ಹೊಟ್ಟೆಯ ಗಡ್ಡೆ ಎದ್ದು ಕಾಣುತ್ತಿತ್ತು. ಮೊಣಕಾಲು ಇರಬೇಕಾದಲ್ಲಿ ಏನೂ ಇರಲಿಲ್ಲ.